ಐನ್‌ಮನೆಯ ಧೂಪ ಬಾಟಲಿಗೆ ಇಳಿಯುತ್ತದೆಯೇ?

ಪ್ರಶ್ನೆ: ನಮ್ಮದು ವಿರಾಜಪೇಟೆ ತಾಲೂಕು. ಕಾಫಿ ತೋಟದ ಜೊತೆಗೆ ಸಣ್ಣದೊಂದು ಹೋಂಸ್ಟೇ ನಡೆಸುತ್ತಿದ್ದೇನೆ. ನಮ್ಮ ಕುಲದ ಮೂಲಮನೆಯಾದ ಐನ್‌ಮನೆಯಲ್ಲಿ ಕಾರಣರಿಗೆ, ಅಂದರೆ ತೀರಿಹೋದ ಹಿರಿಯರಿಗೆ, ಕೊಡುವ ದಿನ ಕೆಂಡದ ಮೇಲೆ ಧೂಪ ಹಾಕುತ್ತಾರೆ. ಆ ಘಮ ತೂಗುದೀಪವಿರುವ ನಡುಮನೆಯಲ್ಲಿ, ನಮ್ಮ ನೆಲ್ಲಕ್ಕಿ ನಡುಬಾಡೆಯಲ್ಲಿ, ಮಾರನೇ ದಿನವೂ ಇರುತ್ತದೆ. ಅದನ್ನೇ ಪರ್‌ಫ್ಯೂಮ್ ಮಾಡಿ ಅತಿಥಿಗಳಿಗೆ ಮಾರಬೇಕು ಅಂತ ಆಸೆ. ಮೊದಲು ನಮ್ಮ ಧೂಪದ ಪುಡಿ, ಒಳ್ಳೆಯ ಅಗರಬತ್ತಿಯ ಪುಡಿ ಎರಡನ್ನೂ ಬ್ರಾಂದಿಯಲ್ಲಿ ನೆನೆಸಿಟ್ಟೆ. ಬರೀ ಕೆಸರಾಯಿತು. ಆಮೇಲೆ ಆನ್‌ಲೈನ್‌ನಲ್ಲಿ ಎರಡು ಕಡೆಯಿಂದ ಫ್ರಾಂಕಿನ್ಸೆನ್ಸ್ ಎಣ್ಣೆ ತರಿಸಿದೆ. ಒಂದರಲ್ಲಿ ಕಿತ್ತಳೆ ಸಿಪ್ಪೆ ಮತ್ತು ಟರ್ಪೆಂಟೈನ್ ವಾಸನೆ. ಇನ್ನೊಂದನ್ನು ಮೂಸಿದರೆ ನಮ್ಮೂರ ಸಂತ ಅನ್ನಮ್ಮ ಚರ್ಚ್ ನೆನಪಾಗುತ್ತದೆ, ಐನ್‌ಮನೆ ಅಲ್ಲ. ಎರಡೂ ಅರ್ಧ ಗಂಟೆಯಲ್ಲಿ ಮಾಯ. ಹಾಗೇ ಮಣಿಕಟ್ಟಿಗೆ ಹಚ್ಚಿದ್ದಕ್ಕೆ ಮಾರನೇ ದಿನ ಕೆಂಪಾಗಿ ತುರಿಕೆ ಶುರುವಾಯಿತು. ‘ಬಾಣಂತಿಗೂ ಕೂಸಿಗೂ ಹಿಡಿಯುವ ಧೂಪ, ಅದು ಚರ್ಮಕ್ಕೆ ಏನು ಮಾಡೀತು’ ಅನ್ನುತ್ತಾರೆ ಅತ್ತೆ. ‘ಹೊಗೆಯನ್ನೇ ಹಿಡಿದು ಎಣ್ಣೆಗೆ ಇಳಿಸಬೇಕು, ಅದೇ ಅಸಲಿ’ ಅನ್ನುತ್ತಾನೆ ತಮ್ಮ. ಯಾರ ಮಾತು ಸರಿ? ಇದನ್ನು ಮನೆಯಲ್ಲಿ ಮಾಡಬಹುದಾ? ಮಾರಬಹುದಾ?

ಉತ್ತರ: ಮೊದಲು ಕೈಯ ವಿಷಯ ಮುಗಿಸೋಣ. ಆ ಎಣ್ಣೆಗಳನ್ನು ಇನ್ನು ನೇರವಾಗಿ ಚರ್ಮಕ್ಕೆ ಮುಟ್ಟಿಸಬೇಡಿ. ಕೆಂಪು ಇನ್ನೂ ಇಳಿದಿಲ್ಲ, ಗುಳ್ಳೆ ಎದ್ದಿದೆ ಅಂದರೆ ಚರ್ಮದ ಡಾಕ್ಟರಿಗೆ ತೋರಿಸಿ. ಹೋಗುವಾಗ ಬಾಟಲಿಯನ್ನೂ ಜೊತೆಗೆ ಇಟ್ಟುಕೊಳ್ಳಿ. ಹೀಗೇಕಾಯಿತು ಅನ್ನುವುದಕ್ಕೆ ಆಮೇಲೆ ಬರುತ್ತೇನೆ.

ಇನ್ನು ನಿಮ್ಮನ್ನು ನಿಜವಾಗಿ ಕಾಡುತ್ತಿರುವುದು ಬೇರೆ. ಕೆಂಡದ ಮೇಲೆ ಅಷ್ಟು ಚೆನ್ನಾಗಿರುವ ವಾಸನೆ ಬಾಟಲಿಯಲ್ಲಿ ಯಾಕೆ ಬರುತ್ತಿಲ್ಲ? ಮೋಸ ಹೋದೆನಾ? ಎಣ್ಣೆ ನಕಲಿ ಇರಬಹುದು, ಆದರೆ ಇರಲೇಬೇಕು ಅಂತೇನಿಲ್ಲ. ನೀವು ಹೇಳಿದ ಎರಡೂ ವಾಸನೆ ಅಸಲಿ ಎಣ್ಣೆಯಲ್ಲೂ ಇರುತ್ತವೆ. ವಿಷಯ ಏನೆಂದರೆ, ನೀವು ಹುಡುಕುತ್ತಿರುವ ಘಮ ಯಾವ ಒಂದು ಎಣ್ಣೆಯಲ್ಲೂ ಇಲ್ಲ. ಐನ್‌ಮನೆಯಲ್ಲಿ ನಿಮ್ಮ ಮೂಗಿಗೆ ಬರುವುದು ಕೆಂಡ, ಅದರ ಮೇಲೆ ಕರಗುವ ಅಂಟು, ಸುಟ್ಟ ಅಂಟಿನ ಹೊಗೆ, ತೂಗುದೀಪದ ಎಣ್ಣೆ, ಹಳೇ ಮರ ಇಷ್ಟೂ ಸೇರಿದ್ದು. ಪರ್‌ಫ್ಯೂಮ್‌ನಲ್ಲಿ ಇನ್ಸೆನ್ಸ್ ನೋಟ್, ಅಂದರೆ ಧೂಪದ ಛಾಯೆ, ಅನ್ನುವುದನ್ನು ನಾವು ಹತ್ತಾರು ವಸ್ತು ಸೇರಿಸಿ ಕಟ್ಟುತ್ತೇವೆ. ನಾನು ಈ ಕೆಲಸ ಕಲಿತದ್ದು ಅಗರಬತ್ತಿಗೆ ಕಾಂಪೌಂಡ್, ಅಂದರೆ ಸುಗಂಧದ ಮಿಶ್ರಣ, ಮಾಡುವ ಕಡೆ, ಆಮೇಲೆ ಮೈಗೆ ಹಚ್ಚುವ ಸೆಂಟಿನ ಕಡೆ ಬಂದೆ. ಈ ಎರಡು ಕೆಲಸ ದೂರದಿಂದ ಒಂದೇ ತರ ಕಾಣುತ್ತವೆ. ಒಳಗೆ ಹೋದರೆ ಪೂರ್ತಿ ಬೇರೆ.

ನಿಮ್ಮ ಧೂಪ ಯಾವುದು ಅನ್ನುವುದರಿಂದ ಶುರು ಮಾಡಬೇಕು. ಅಂಗಡಿಯಲ್ಲಿ ಧೂಪ, ಸಾಂಬ್ರಾಣಿ, ಲೋಬಾನ ಅಂತ ಕೇಳಿದರೆ ಕೈಗೆ ಬರುವುದು ಒಂದೇ ಮರದ ಅಂಟಲ್ಲ. ಕೊಡಗಿನ ಕಡೆಯ ಮಳೆಕಾಡಿನಿಂದ ಬರುವ ಕಪ್ಪು ಗಟ್ಟಿ ಸಾಮಾನ್ಯವಾಗಿ ಕರಿಧೂಪ. ಅದರ ಮರದ ಶಾಸ್ತ್ರೀಯ ಹೆಸರು ಕೆನೇರಿಯಂ ಸ್ಟ್ರಿಕ್ಟಂ. ಬಿಳಿ ಅಥವಾ ತಿಳಿ ಹಳದಿ ಅಂಟು ಬರುವುದು ವಟೇರಿಯಾ ಇಂಡಿಕಾದಿಂದ. ಘಟ್ಟದಲ್ಲಿ ಬಹಳ ಕಡೆ ಧೂಪದ ಮರ ಅಂತ ಕರೆಯುವುದು ಇದನ್ನೇ. ಹಳೇ ಕಾಲದ ಮಸಾಲ ಬತ್ತಿಗೆ ಹಾಕುತ್ತಿದ್ದ ಹಾಲುಮಡ್ಡಿ ಮತ್ತೊಂದು ಮರದ್ದು, ಐಲಾಂಥಸ್ ಟ್ರೈಫೈಸಾ. ಸಾಂಬ್ರಾಣಿ ಅಂದರೆ ಸ್ಟೈರಾಕ್ಸ್ ಜಾತಿಯ ಮರದ ಅಂಟು. ಅದು ಸುಮಾತ್ರ, ಲಾವೋಸ್ ಕಡೆಯಿಂದ ಬರುತ್ತದೆ, ವೆನಿಲ್ಲಾದ ಸಿಹಿ ಇರುತ್ತದೆ. ಕಂಪ್ಯೂಟರ್ ಸಾಂಬ್ರಾಣಿ ಅಂತ ಕಪ್ ಆಕಾರದಲ್ಲಿ ಬರುತ್ತದಲ್ಲ, ಅದರಲ್ಲಿ ಹೆಚ್ಚು ಪಾಲು ಇದ್ದಿಲು ಮತ್ತು ಸೆಂಟು. ಅಂಟು ಎಷ್ಟಿದೆ ಅನ್ನುವುದು ಮಾಡಿದವರಿಗೇ ಗೊತ್ತು.

ಫ್ರಾಂಕಿನ್ಸೆನ್ಸ್ ಇವು ಯಾವುದೂ ಅಲ್ಲ. ಅದು ಬೋಸ್ವೆಲಿಯಾ ಮರದ ಅಂಟು. ಓಮನ್, ಯೆಮನ್, ಸೊಮಾಲಿಯಾ, ಇಥಿಯೋಪಿಯಾದ ಒಣ ಬೆಟ್ಟಗಳಲ್ಲಿ ಸಿಗುತ್ತದೆ. ಓಮನ್‌ನಲ್ಲಿ ಈ ಮರಗಳಿರುವ, ಇದರ ವ್ಯಾಪಾರ ನಡೆದ ಜಾಗಗಳನ್ನು ಯುನೆಸ್ಕೋ 2000ರಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿತು. ನಮ್ಮ ದೇಶದಲ್ಲೂ ಬೋಸ್ವೆಲಿಯಾ ಸೆರಾಟಾ ಅಂತ ಒಂದಿದೆ, ಆದರೆ ಅದು ಒಣಕಾಡಿನ ಮರ. ಹಾಗಾಗಿ ನಿಮಗೆ ಚರ್ಚ್ ನೆನಪಾದದ್ದು ಸರಿಯಾಗಿಯೇ ಇದೆ. ಚರ್ಚಿನ ಧೂಪದಲ್ಲಿ ಮುಖ್ಯ ವಸ್ತು ಫ್ರಾಂಕಿನ್ಸೆನ್ಸ್. ನಿಮ್ಮ ಮೂಗು ಸುಳ್ಳು ಹೇಳಿಲ್ಲ, ಬಾಟಲಿಯೂ ಸುಳ್ಳು ಹೇಳಿಲ್ಲ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಧೂಪದ ಸಣ್ಣ ಚೂರನ್ನು ಪುಡಿ ಮಾಡಿ, ಬಿಳಿ ಬಟ್ಟಲಲ್ಲಿ ಎರಡು ಚಮಚ ನೀರು ಹಾಕಿ ಬೆರಳಲ್ಲಿ ತಿಕ್ಕಿ. ಫ್ರಾಂಕಿನ್ಸೆನ್ಸ್ ಆದರೆ ನೀರು ಬೆಳ್ಳಗಾಗುತ್ತದೆ, ಯಾಕೆಂದರೆ ಅದರಲ್ಲಿ ನೀರಿನಲ್ಲಿ ಕರಗುವ ಗೋಂದಿನ ಭಾಗವಿದೆ. ಕರಿಧೂಪ, ಸಾಂಬ್ರಾಣಿ ಎರಡಕ್ಕೂ ಆ ಭಾಗವಿಲ್ಲ. ಪುಡಿ ತೇಲುತ್ತದೆ ಅಥವಾ ತಳಕ್ಕೆ ಕೂರುತ್ತದೆ, ನೀರು ಹೆಚ್ಚುಕಮ್ಮಿ ತಿಳಿಯಾಗಿಯೇ ಇರುತ್ತದೆ. ಇನ್ನೊಂದು ಚೂರನ್ನು ಕೆಂಡದ ಮೇಲಿಡಿ. ಕಪ್ಪು ಮಸಿ ಎದ್ದು, ಪೈನ್ ಮರದ ವಾಸನೆ ಮೂಗಿಗೆ ಹೊಡೆದರೆ ಅದರಲ್ಲಿ ರೋಸಿನ್, ಅಂದರೆ ಪೈನ್ ಮರದ ಅಗ್ಗದ ರಾಳ, ಬೆರೆಸಿದ್ದಾರೆ ಅಂತ ಅನುಮಾನ ಪಡಿ. ಅಗ್ಗದ ಧೂಪದಲ್ಲಿ ಇದು ಮಾಮೂಲು.

ಈಗ ಆ ಕಿತ್ತಳೆ ಮತ್ತು ಟರ್ಪೆಂಟೈನ್. ಫ್ರಾಂಕಿನ್ಸೆನ್ಸ್ ಅಂಟನ್ನು ಹಬೆಯಲ್ಲಿ ಭಟ್ಟಿ ಇಳಿಸಿದಾಗ ಹಗುರವಾದ ಅಣುಗಳು ಮಾತ್ರ ಎಣ್ಣೆಯಾಗಿ ಬರುತ್ತವೆ. ಓಮನ್, ಸೊಮಾಲಿಯಾದ ಎಣ್ಣೆಯಲ್ಲಿ ಸಾಮಾನ್ಯವಾಗಿ ಮುಂದಿರುವುದು ಆಲ್ಫಾ ಪೈನೀನ್, ಜೊತೆಗೆ ಲಿಮೋನೀನ್. ಪೈನೀನ್ ಟರ್ಪೆಂಟೈನಿನ ಮುಖ್ಯ ಅಂಶ. ಲಿಮೋನೀನ್ ನಿಮ್ಮ ಕೊಡಗಿನ ಕಿತ್ತಳೆ ಸಿಪ್ಪೆಯ ಎಣ್ಣೆಯಲ್ಲಿ ತುಂಬಿಕೊಂಡಿರುವುದೇ. ಎರಡೂ ಬೇಗ ಹಾರಿಹೋಗುತ್ತವೆ. ಅರ್ಧ ಗಂಟೆಯಲ್ಲಿ ಮಾಯ ಅಂದಿರಲ್ಲ, ಅದಕ್ಕೆ ಕಾರಣ ಇದು. ಇಥಿಯೋಪಿಯಾದ ಎಣ್ಣೆ ಬೇರೆ ತರ. ಅದರಲ್ಲಿ ಆಕ್ಟೈಲ್ ಅಸಿಟೇಟ್ ಜಾಸ್ತಿ, ಸ್ವಲ್ಪ ಹಣ್ಣಿನ, ಮೇಣದ ಕಡೆ ವಾಲುತ್ತದೆ. ನಮ್ಮ ಸೆರಾಟಾದಲ್ಲಿ ಥುಜೀನ್ ಮುಂದೆ. ಲೇಬಲ್ ಮೇಲೆ ಬರೀ ಫ್ರಾಂಕಿನ್ಸೆನ್ಸ್ ಅಂತ ಬರೆದರೆ ಸಾಲದು. ಯಾವ ಬೋಸ್ವೆಲಿಯಾ, ಯಾವ ದೇಶ ಅಂತ ಬರೆಯದವರ ಹತ್ತಿರ ನಾನು ತೆಗೆದುಕೊಳ್ಳುವುದಿಲ್ಲ.

ಹಾಗಾದರೆ ಆ ಗಂಭೀರವಾದ, ಹಳೇ ಚರ್ಚಿನ ಕಲ್ಲಿನ ವಾಸನೆ ಎಲ್ಲಿಂದ? ಬಹಳ ಕಾಲ ಇದು ಸರಿಯಾಗಿ ತಿಳಿದಿರಲಿಲ್ಲ. 2016ರಲ್ಲಿ ಫ್ರಾನ್ಸಿನ ನೀಸ್ ನಗರದ ರಸಾಯನ ವಿಜ್ಞಾನಿ ನಿಕೊಲಾ ಬಾಲ್ಡೊವಿನಿ ಅವರ ತಂಡ ಫ್ರಾಂಕಿನ್ಸೆನ್ಸ್‌ನಲ್ಲಿ ಒಲಿಬ್ಯಾನಿಕ್ ಆಮ್ಲಗಳು ಅನ್ನುವ ಜೋಡಿಯನ್ನು ಗುರುತಿಸಿತು. ಇರುವುದು ತೀರಾ ಅತ್ಯಲ್ಪ. ಆದರೂ ಹಳೇ ಚರ್ಚಿನ ಆ ವಾಸನೆಯ ಬೆನ್ನೆಲುಬು ಅದೇ. ಅದೇ ವರ್ಷ ಜರ್ಮನಿಯ ಮತ್ತೊಂದು ತಂಡ ಇದೇ ಅಂಟಿನ ಎಣ್ಣೆಯಲ್ಲಿ ರೋಟಂಡೋನ್ ಇರುವುದನ್ನು ತೋರಿಸಿತು. ಈ ರೋಟಂಡೋನ್ ನಿಮಗೆ ಅಪರಿಚಿತವಲ್ಲ. ಕಾಳುಮೆಣಸಿನ ಖಾರವಾದ ಪರಿಮಳಕ್ಕೆ ಕಾರಣ ಅದು. ಮೊದಲು ಸಿಕ್ಕಿದ್ದು 1967ರಲ್ಲಿ, ಗದ್ದೆ ಬದುವಿನಲ್ಲಿ ಬೆಳೆಯುವ ಕೊನ್ನಾರಿ ಗಡ್ಡೆಯಲ್ಲಿ. ಅಂದರೆ ನಿಮ್ಮ ಸಿಲ್ವರ್ ಮರಕ್ಕೆ ಹಬ್ಬಿದ ಬಳ್ಳಿಯಲ್ಲಿ, ಗದ್ದೆಯ ಕಳೆಯಲ್ಲಿ, ಓಮನ್‌ನ ಅಂಟಿನಲ್ಲಿ ಒಂದೇ ಅಣು. ಧೂಪದ ಸೆಂಟಿಗೆ ಮೆಣಸಿನ ಎಣ್ಣೆ ಅಷ್ಟು ಚೆನ್ನಾಗಿ ಹೊಂದುವುದು ಸುಮ್ನೆ ಅಲ್ಲ.

ತಮ್ಮನ ಮಾತಿಗೆ ಬರೋಣ. ಅವರು ಹೇಳಿದ್ದು ಪೂರ್ತಿ ಕಲ್ಪನೆಯಲ್ಲ. ಉತ್ತರ ಪ್ರದೇಶದ ಕನೌಜ್‌ನಲ್ಲಿ ಅತ್ತರು ಮಾಡುವವರು ಚೋಯಾ ಅಂತ ಒಂದು ಮಾಡುತ್ತಾರೆ. ಲೋಬಾನವನ್ನೋ ರಾಳವನ್ನೋ ಮಡಕೆಯಲ್ಲಿ ಹಾಕಿ, ನೀರಿಲ್ಲದೆ ಕಾಯಿಸಿ, ಸುಟ್ಟು ಬರುವ ಕಪ್ಪು ಎಣ್ಣೆ ಹಿಡಿಯುತ್ತಾರೆ. ಒಂದು ಹನಿ ಕೋಣೆ ತುಂಬುತ್ತದೆ. ಆದರೆ ಅದನ್ನು ಅವರೂ ಹಾಗೇ ಮೈಗೆ ಹಚ್ಚುವುದಿಲ್ಲ, ಬೇರೆ ಅತ್ತರಿಗೆ ಚೂರೇ ಚೂರು ಸೇರಿಸುತ್ತಾರೆ.

ಹೊಗೆಯಲ್ಲಿ ಏನಿರುತ್ತದೆ ಅಂತ ನೋಡಿದರೆ ನಾನು ಇದನ್ನು ಮನೆಯಲ್ಲಿ ಮಾಡಬೇಡಿ ಅನ್ನುವುದು ಯಾಕೆ ಅಂತ ಗೊತ್ತಾಗುತ್ತದೆ. ಅಂಟು, ಮರ, ಇದ್ದಿಲು ಅರೆಬರೆ ಸುಟ್ಟಾಗ ಗ್ವಾಯಕಾಲ್, ಕ್ರೆಸಾಲ್‌ನಂಥ ಹೊಗೆ ವಾಸನೆಯ ವಸ್ತುಗಳು ಬರುತ್ತವೆ. ಅವುಗಳ ಜೊತೆಗೇ ಬೆಂಜೋಪೈರೀನ್ ಗುಂಪಿನ ವಸ್ತುಗಳೂ ಬರುತ್ತವೆ, ಅವು ಕ್ಯಾನ್ಸರ್‌ಗೆ ಕಾರಣವಾಗುವಂಥವು. ಸುಗಂಧ ಉದ್ಯಮದ ಅಂತರರಾಷ್ಟ್ರೀಯ ಸಂಘ ಇಫ್ರಾ ಇದಕ್ಕೇ ಬರ್ಚ್ ಮರದ ತೊಗಟೆ ಸುಟ್ಟು ತೆಗೆಯುವ ಕಚ್ಚಾ ಬರ್ಚ್ ಟಾರನ್ನು ಸೆಂಟಿಗೆ ಬಳಸಬಾರದು, ಶುದ್ಧ ಮಾಡಿದ್ದನ್ನು ಮಾತ್ರ ಬಳಸಬೇಕು ಅನ್ನುತ್ತದೆ. ಅದರಲ್ಲೂ ಈ ವಸ್ತುಗಳು ಕೊನೆಯ ಬಾಟಲಿಯಲ್ಲಿ ನೂರು ಕೋಟಿಯಲ್ಲಿ ಒಂದು ಪಾಲು ಮೀರಬಾರದು. ಹೊಗೆಯನ್ನು ತೆಂಗಿನೆಣ್ಣೆಗೆ ಇಳಿಸಿ ನೀವು ಮಾಡಿದ ಬಾಟಲಿಯಲ್ಲಿ ಎಷ್ಟಿದೆ ಅಂತ ಲ್ಯಾಬಿಗೆ ಕೊಡದೆ ತಿಳಿಯುವುದಿಲ್ಲ. ಅತಿಥಿಯ ಕತ್ತಿಗೆ ಅದನ್ನು ಹಚ್ಚಲು ಕೊಡುವುದು ಸರಿಯಲ್ಲ, ಅಲ್ವಾ?

ಅತ್ತೆಯವರ ಮಾತನ್ನು ಗೌರವದಿಂದಲೇ ಪಕ್ಕಕ್ಕಿಡಬೇಕು. ತಲೆಗೂದಲಿಗೆ ಎರಡು ನಿಮಿಷ ಧೂಪ ಹಿಡಿಯುವುದು ಬೇರೆ, ಅಂಟಿನ ಸಾರವನ್ನು ಚರ್ಮಕ್ಕೆ ಹಚ್ಚಿ ದಿನವಿಡೀ ಬಿಡುವುದು ಬೇರೆ. ಅಂದಹಾಗೆ, ಮುಚ್ಚಿದ ಕೋಣೆಯಲ್ಲಿ ಕೂಸಿನ ಮುಖಕ್ಕೆ ಹೊಗೆ ಹಿಡಿಯುವುದು ಕೂಡ ಒಳ್ಳೆಯದಲ್ಲ. ಸೌದೆ ಹೊಗೆ ಶ್ವಾಸಕ್ಕೆ ಮಾಡುವುದನ್ನೇ ಅದೂ ಮಾಡುತ್ತದೆ. ಕಿಟಕಿ ತೆಗೆದು, ಕೂಸನ್ನು ದೂರ ಇಟ್ಟು, ಬಟ್ಟೆಗೆ ಹಿಡಿದರೆ ಸಾಕು.

ನಿಮ್ಮ ಮಣಿಕಟ್ಟು ಕೆಂಪಾದದ್ದಕ್ಕೆ ನನಗೆ ಹೆಚ್ಚು ಅನುಮಾನ ಇರುವುದು ಹಳಸಿದ ಎಣ್ಣೆಯ ಮೇಲೆ. ಪೈನೀನ್, ಲಿಮೋನೀನ್ ಎರಡೂ ಗಾಳಿ, ಬೆಳಕು ತಾಗಿದರೆ ಕೆಟ್ಟು ಪೆರಾಕ್ಸೈಡ್‌ಗಳಾಗುತ್ತವೆ. ಚರ್ಮಕ್ಕೆ ಅಲರ್ಜಿ ತರುವುದು ಮುಖ್ಯವಾಗಿ ಈ ಹಳಸಿದ ರೂಪ. ಅರ್ಧ ಖಾಲಿಯಾದ, ಪದೇ ಪದೇ ಮುಚ್ಚಳ ತೆಗೆದ ಬಾಟಲಿಯಲ್ಲಿ ಇದು ಬೇಗ ಆಗುತ್ತದೆ. ಒಂದು ಸಲ ಅಲರ್ಜಿ ಕೂತರೆ ಅದು ಸಾಮಾನ್ಯವಾಗಿ ಹಾಗೇ ಉಳಿಯುತ್ತದೆ. ಆಮೇಲೆ ಸೋಪಿನಲ್ಲಿರುವ ಅದೇ ವಸ್ತುವಿಗೂ ತುರಿಕೆ ಬರಬಹುದು. ಎಣ್ಣೆಯನ್ನು ತೆಳು ಮಾಡದೆ ಹಚ್ಚಬೇಡಿ ಅಂತ ನಾವು ಬಾಯಿ ಬಡಿದುಕೊಳ್ಳುವುದು ಇದಕ್ಕೆ. ನೈಸರ್ಗಿಕ ಅನ್ನುವ ಮಾತು ಇಲ್ಲಿ ಯಾವ ರಕ್ಷಣೆಯನ್ನೂ ಕೊಡುವುದಿಲ್ಲ. ಸಾಂಬ್ರಾಣಿಯ ಟಿಂಚರಿಗೆ, ಅಂದರೆ ಮದ್ಯಸಾರದಲ್ಲಿ ನೆನೆಸಿ ತೆಗೆದ ಸಾರಕ್ಕೆ, ಅಲರ್ಜಿ ಆಗುವವರು ಇದ್ದಾರೆ, ಚರ್ಮದ ಡಾಕ್ಟರುಗಳಿಗೆ ಅದು ಹಳೇ ಪರಿಚಯ.

ಬ್ರಾಂದಿಯ ಕಥೆ ಚಿಕ್ಕದು. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ನೀರು. ಅಂಟು ಕರಗಲು 95 ಶೇಕಡಾದ ಹತ್ತಿರದ ಮದ್ಯಸಾರ ಬೇಕು. ಇನ್ನು ಅಗರಬತ್ತಿಯಲ್ಲಿ ಇದ್ದಿಲ ಪುಡಿ, ಮರದ ಪುಡಿ, ಜಿಗಟು ಇರುತ್ತವೆ. ನಿಮ್ಮ ಕೆಸರು ಅದೇ. ಪರಿಮಳ ಬರುವುದು ಮೇಲೆ ಅದ್ದಿದ ಕಾಂಪೌಂಡಿನಿಂದ. ಅದನ್ನು ಬಹಳ ಸಲ ಡಿಇಪಿ ಅನ್ನುವ ದ್ರಾವಕದಲ್ಲಿ ತೆಳು ಮಾಡಿರುತ್ತಾರೆ. ಉರಿಯುವುದಕ್ಕೆ ಅಂತ ಕಟ್ಟಿದ ಕಾಂಪೌಂಡಿಗೆ ಚರ್ಮದ ಮಿತಿಗಳನ್ನು ಯಾರೂ ನೋಡಿರುವುದಿಲ್ಲ. ಮಸ್ಕ್ ಆಂಬ್ರೆಟ್ ಅನ್ನುವ ಅಗ್ಗದ ಕಸ್ತೂರಿ ವಸ್ತು ಇದಕ್ಕೆ ಉದಾಹರಣೆ. ಬಿಸಿಲು ತಾಗಿದರೆ ಅದು ಚರ್ಮಕ್ಕೆ ಅಲರ್ಜಿ ತರುತ್ತದೆ ಅಂತ ಇಫ್ರಾ ಅದನ್ನು ಸೆಂಟಿನಲ್ಲಿ ನಿಷೇಧಿಸಿದೆ, ಆದರೆ ಧೂಪದ ಕಡ್ಡಿಯಿಂದಲೂ ಅದೇ ತೊಂದರೆ ಆದ ಪ್ರಕರಣಗಳು ವೈದ್ಯರ ದಾಖಲೆಯಲ್ಲಿವೆ. ಅಗರಬತ್ತಿಯನ್ನು ಬಾಟಲಿಗೆ ಹಾಕುವ ಆಲೋಚನೆ ಬಿಡಿ. ಬೆಲೆ ಎಷ್ಟೇ ಇರಲಿ.

ಸರಿ, ಹಾಗಾದರೆ ಕಟ್ಟುವುದು ಹೇಗೆ?

ಮೊದಲು ಯಾವ ಧೂಪ ಅಂತ ತೀರ್ಮಾನ ಮಾಡಿ. ನಿಮ್ಮ ಸುತ್ತ ಕಡಿಮೆ ಅಂದರೂ ಮೂರಿವೆ. ಐನ್‌ಮನೆಯ ಕರಿಧೂಪ ನಿಂಬೆ ಮತ್ತು ಮರದ ಕಡೆಯದು, ಒಗರು. ಚರ್ಚಿನದು ತಣ್ಣಗೆ, ಮೆಣಸು ಮೆಣಸಾಗಿ ಇರುತ್ತದೆ. ಕುಶಾಲನಗರ ದಾಟಿ ಬೈಲುಕುಪ್ಪೆಗೆ ಹೋದರೆ ಟಿಬೆಟನ್ನರ ಕಡ್ಡಿಯಲ್ಲಿ ಜೂನಿಪರ್, ಗಿಡಮೂಲಿಕೆ, ಒಳಗೆ ಬಿದಿರು ಇಲ್ಲ. ದೊಡ್ಡ ಕಂಪನಿಗಳೂ ಹೀಗೇ ಊರು ಹಿಡಿದೇ ಹೊರಟಿವೆ. 2002ರಲ್ಲಿ ಕೊಮ್ ದೆ ಗಾರ್ಸೋಂ ಇನ್ಸೆನ್ಸ್ ಸರಣಿ ಅಂತ ಐದು ಸೆಂಟು ತಂದಾಗ ಅವಕ್ಕೆ ಅವಿನ್ಯೋಂ, ಕ್ಯೋಟೊ, ಜೈಸಲ್ಮೇರ್, ವಾರ್ಜಾಜಾತ್, ಜಾಗೋರ್ಸ್ಕ್ ಅಂತ ಊರುಗಳ ಹೆಸರೇ ಇಟ್ಟಿತು. ಎಲ್ಲ ಧೂಪವನ್ನೂ ಒಂದೇ ಬಾಟಲಿಗೆ ಹಾಕಲು ಹೋದವರದ್ದು ಕೊನೆಗೆ ಪೂಜಾ ಸಾಮಾನಿನ ಅಂಗಡಿಯ ವಾಸನೆ ಆಗುತ್ತದೆ.

ಐನ್‌ಮನೆಯದ್ದೇ ಬೇಕು ಅಂದರೆ ನಾನು ಹೀಗೆ ಹೋಗುತ್ತೇನೆ. ಮೊದಲು ನಿಮ್ಮ ಮನೆಯ ಧೂಪದ್ದೇ ಟಿಂಚರ್. 20 ಗ್ರಾಂ ಪುಡಿಗೆ 80 ಗ್ರಾಂ ಪರ್‌ಫ್ಯೂಮ್ ಮಾಡುವ ಮದ್ಯಸಾರ, ಗಾಜಿನ ಬಾಟಲಿ, ಗಟ್ಟಿ ಮುಚ್ಚಳ. ಎರಡು ವಾರ ಆಗಾಗ ಅಲ್ಲಾಡಿಸಿ, ಕಾಫಿ ಫಿಲ್ಟರ್ ಕಾಗದದಲ್ಲಿ ಸೋಸಿ. ಕರಿಧೂಪ ಪೂರ್ತಿ ಕರಗುವುದಿಲ್ಲ, ಅದಕ್ಕೆ ಗಾಬರಿ ಬೇಡ. ಆದರೆ ಇದರಲ್ಲಿ ವಾಸನೆಯೇ ಇಲ್ಲದ ಭಾರದ ಅಂಟಿನ ಅಂಶ ಬಹಳ ಇರುತ್ತದೆ. ಜಾಸ್ತಿ ಹಾಕಿದರೆ ಮೈ ಅಂಟಂಟು, ಬಿಳಿ ಬಟ್ಟೆಗೆ ಹಳದಿ ಕಲೆ. ಬಾಟಲಿಗೆ ಹಾಕುವ ಮದ್ಯಸಾರದಲ್ಲಿ ಹತ್ತನೇ ಒಂದು ಭಾಗಕ್ಕೆ ಇದನ್ನು ಬಳಸಿದರೆ ಸಾಕು.

ಉಳಿದದ್ದು ಕಾನ್ಸಂಟ್ರೇಟ್, ಅಂದರೆ ಮದ್ಯಸಾರಕ್ಕೆ ಸೇರಿಸುವ ಮೊದಲಿನ ಸುಗಂಧದ ಮಿಶ್ರಣ. ತೂಕದಲ್ಲಿ ನೂರು ಭಾಗ ಅಂತ ಇಟ್ಟುಕೊಳ್ಳಿ, ಹನಿ ಲೆಕ್ಕ ಬೇಡ. 0.01 ಗ್ರಾಂ ತೋರಿಸುವ ಸಣ್ಣ ತಕ್ಕಡಿ ತೆಗೆದುಕೊಳ್ಳಿ. ಫ್ರಾಂಕಿನ್ಸೆನ್ಸ್ ಎಣ್ಣೆ 15ರಿಂದ 18 ಭಾಗ, ಅಷ್ಟೇ. ಜೊತೆಗೆ ಎಲೆಮಿ ಎಣ್ಣೆ 4 ಅಥವಾ 5. ಎಲೆಮಿ ಫಿಲಿಪ್ಪೀನ್ಸ್‌ನ ಮರ, ನಿಮ್ಮ ಕರಿಧೂಪದ ಮರದ ಹತ್ತಿರದ ನೆಂಟ. ನಿಂಬೆ ಮತ್ತು ಮೆಣಸಿನ ನಡುವಿನ ಅದರ ವಾಸನೆ ಹಸಿ ಕರಿಧೂಪವನ್ನು ಎತ್ತಿ ತೋರಿಸುತ್ತದೆ. ಕಾಳುಮೆಣಸಿನ ಎಣ್ಣೆ 3 ಅಥವಾ 4. ಇದಿಷ್ಟು ಮೊದಲ ಅರ್ಧ ಗಂಟೆಗೆ.

ಆಮೇಲೆ ನಿಲ್ಲಬೇಕಾದ್ದು ಭಾರದ ವಸ್ತುಗಳು. ಸಾಂಬ್ರಾಣಿ ಮತ್ತು ಲಾಬ್ಡಾನಮ್ ಅನ್ನುವ ಪೊದೆಗಿಡದ ಅಂಟು, ಎರಡೂ ರೆಜಿನಾಯ್ಡ್ ರೂಪದಲ್ಲಿ ಸಿಗುತ್ತವೆ. ಅಂಟನ್ನು ದ್ರಾವಕದಲ್ಲಿ ಕರಗಿಸಿ ತೆಗೆದ ಈ ಸಾರ ಜೋನಿ ಬೆಲ್ಲದ ಹಾಗೆ ದಪ್ಪಗಿರುತ್ತದೆ, ಕೊಡಗಿನ ಡಿಸೆಂಬರ್ ಚಳಿಯಲ್ಲಿ ಬಾಟಲಿಯಿಂದ ಹೊರಗೇ ಬರುವುದಿಲ್ಲ. ಅರ್ಧಕ್ಕರ್ಧ ತೆಳು ಮಾಡಿದ್ದನ್ನೇ ಕೇಳಿ ತರಿಸಿ. ಸಾಂಬ್ರಾಣಿ 10, ಲಾಬ್ಡಾನಮ್ 8 ಇರಲಿ. ಸಾಂಬ್ರಾಣಿ ಮಿತಿ ಮೀರಿದರೆ ಧೂಪ ಹೋಗಿ ಐಸ್‌ಕ್ರೀಂ ಆಗುತ್ತದೆ. ಕೊನ್ನಾರಿ ಗಡ್ಡೆ ಎಣ್ಣೆ 4, ಲಾವಂಚ 6, ದೇವದಾರು 15ರ ಆಸುಪಾಸು. ಇವು ಹಳೇ ಮರದ ಮನೆಯನ್ನು ಕೊಡುತ್ತವೆ, ನನ್ನ ಮಟ್ಟಿಗೆ ಇಡೀ ಸೂತ್ರದ ಪ್ರಾಣ ಇಲ್ಲಿದೆ. ಉಳಿದದ್ದಕ್ಕೆ ಐಸೋ ಇ ಸೂಪರ್ ಅನ್ನುವ ಕಾರ್ಖಾನೆಯ ವಸ್ತು ಬಳಸಿ. ಹೆಸರು ಕೇಳಿ ಮೂಗು ಮುರಿಯಬೇಡಿ. ತೆಳು ಮರದ ವಾಸನೆಯ ಈ ವಸ್ತು ಇಲ್ಲದೆ ಬರೀ ಸಸ್ಯದ ಎಣ್ಣೆಗಳು ಒಂದರ ಮೇಲೊಂದು ಬಿದ್ದು ಮಂಕಾಗುತ್ತವೆ. ಶ್ರೀಗಂಧದ ಎಣ್ಣೆ ಹಾಕುವ ಆಸೆ ಇದ್ದರೆ 5 ಭಾಗ ಹಾಕಿ, ಆದರೆ ಬಿಲ್ ಇರುವ ಕಡೆ ಮಾತ್ರ ತೆಗೆದುಕೊಳ್ಳಿ. ಕರ್ನಾಟಕ ಸೋಪ್ಸ್‌ನಂಥ ಸರ್ಕಾರಿ ಸಂಸ್ಥೆಯದ್ದು ಆದರೆ ನಿಶ್ಚಿಂತೆ.

ಹೊಗೆಗೆ ಏನು? ಇಲ್ಲಿ ನಿಮ್ಮ ತೋಟವೇ ಉಪಯೋಗಕ್ಕೆ ಬರುತ್ತದೆ. ಹುರಿದ ಕಾಫಿಯ ವಾಸನೆಯಲ್ಲೂ ಗ್ವಾಯಕಾಲ್ ಇದೆ, ರೋಬಸ್ಟಾದಲ್ಲಿ ಅರೇಬಿಕಾಗಿಂತ ಜಾಸ್ತಿ. ಕಪ್ಪಗೆ ಹುರಿದ ರೋಬಸ್ಟಾವನ್ನು ಮದ್ಯಸಾರದಲ್ಲಿ ಎರಡು ದಿನ ನೆನೆಸಿ ಸೋಸಿದ ಟಿಂಚರ್ ಸ್ವಲ್ಪ ಸೇರಿಸಿದರೆ ಕಾಫಿ ಅಂತ ಗೊತ್ತಾಗದ ಹಾಗೆ ಒಂದು ಸುಟ್ಟ ಅಂಚು ಬರುತ್ತದೆ. ಬಣ್ಣ ಕಪ್ಪಾಗುತ್ತದೆ, ಅದನ್ನು ಒಪ್ಪಿಕೊಳ್ಳಬೇಕು. ಅದೂ ಸಾಲದು ಅನ್ನಿಸಿದರೆ ಶುದ್ಧ ಮಾಡಿದ ಬರ್ಚ್ ಟಾರ್ ಅಥವಾ ಜೂನಿಪರ್ ಜಾತಿಯ ಮರದಿಂದ ಹೀಗೇ ತೆಗೆಯುವ ಕೇಡ್ ಎಣ್ಣೆ. ಅದನ್ನು ನೂರಕ್ಕೆ ಒಂದು ಭಾಗಕ್ಕೆ ತೆಳು ಮಾಡಿಟ್ಟುಕೊಂಡು, ಆ ತೆಳುವಿನಲ್ಲಿ 1 ಅಥವಾ 2 ಭಾಗ. ಜಾಸ್ತಿಯಾದರೆ ಅಟ್ಟದಲ್ಲಿ ಒಣಗಿಸಿದ ಹಂದಿ ಮಾಂಸ ನೆನಪಾಗುತ್ತದೆ, ಧೂಪ ಅಲ್ಲ.

ಈ ಕಾನ್ಸಂಟ್ರೇಟ್ 15 ಭಾಗ, ಮದ್ಯಸಾರ 85 ಭಾಗ. ಮೂರು ನಾಲ್ಕು ವಾರ ಕತ್ತಲಲ್ಲಿಡಿ, ಆಮೇಲೆ ಒಂದು ರಾತ್ರಿ ಫ್ರಿಜ್‌ನ ತಣ್ಣನೆಯ ಭಾಗದಲ್ಲಿಟ್ಟು ಮತ್ತೆ ಸೋಸಿ. ಅಂಟಿನ ಸೆಂಟಿನಲ್ಲಿ ತಳ ಕೂರುವುದು ಸಹಜ, ಅದನ್ನು ತೆಗೆಯದಿದ್ದರೆ ಸ್ಪ್ರೇ ಮೂತಿ ಕಟ್ಟಿಕೊಳ್ಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಕೊಡಗಿನಲ್ಲಿ ಈ ಕೆಲಸ ನಾನಾದರೆ ಮಾಡುವುದಿಲ್ಲ. ಮದ್ಯಸಾರ ಗಾಳಿಯ ತೇವ ಎಳೆದುಕೊಳ್ಳುತ್ತದೆ, ನೀರು ಸೇರಿದಷ್ಟೂ ಅಂಟು ಬಿಟ್ಟು ಸೆಂಟು ಮಬ್ಬಾಗುತ್ತದೆ. ಮತ್ತೊಂದು ಮಾತು. ಮದ್ಯಸಾರದ ಆವಿಗೆ ಕೋಣೆಯ ಮಾಮೂಲು ಬಿಸಿಯಲ್ಲೇ ಬೆಂಕಿ ಹಿಡಿಯುತ್ತದೆ. ಸೌದೆ ಒಲೆ, ಗ್ಯಾಸ್, ದೀಪ ಇರುವ ಕೋಣೆಯಲ್ಲಿ ಬಾಟಲಿ ತೆರೆಯಲೇಬೇಡಿ. ದಪ್ಪ ಸಾರವನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು ಕರಗಿಸಿ, ಒಲೆಯ ಮೇಲಲ್ಲ.

ಮೂಸುವುದಕ್ಕೂ ಕ್ರಮ ಇದೆ. ಕಾಗದದ ಪಟ್ಟಿಯ ತುದಿ ಅದ್ದಿ, ಕೂಡಲೇ ಒಮ್ಮೆ, ಅರ್ಧ ಗಂಟೆಗೆ ಒಮ್ಮೆ, ನಾಲ್ಕು ಗಂಟೆಗೆ, ಮಾರನೇ ಬೆಳಗ್ಗೆ ಒಮ್ಮೆ ಮೂಸಿ ಬರೆದಿಡಿ. ನಿಮಗೆ ಬೇಕಾದದ್ದು ಮಾರನೇ ಬೆಳಗಿನ ವಾಸನೆ. ನಡುಬಾಡೆಯಲ್ಲಿ ಉಳಿಯುತ್ತದೆ ಅಂದಿರಲ್ಲ, ಅದನ್ನು ಹೋಲಿಸಬೇಕಾದದ್ದು ಈ ಪಟ್ಟಿಯ ಜೊತೆ. ಚರ್ಮದ ಪರೀಕ್ಷೆ ಆಮೇಲೆ. ಮೊಣಕೈ ಒಳಗೆ ಒಂದು ಹನಿ ಹಚ್ಚಿ 48 ಗಂಟೆ ಕಾಯಿರಿ. ನಿಮಗೆ ಈಗಾಗಲೇ ಒಮ್ಮೆ ಕೆಂಪಾಗಿರುವುದರಿಂದ ಡಾಕ್ಟರನ್ನು ಕೇಳದೆ ಅದನ್ನೂ ಮಾಡಬೇಡಿ, ಮನೆಯಲ್ಲಿ ಬೇರೆ ಯಾರಾದರೂ ಒಪ್ಪಿದರೆ ಅವರು ನೋಡಲಿ. ಎಣ್ಣೆಗಳನ್ನು ಚಿಕ್ಕ ಬಾಟಲಿಗೆ ಬಗ್ಗಿಸಿ ತುಂಬಾ ತುಂಬಿ ತಂಪಲ್ಲಿಡಿ. ವಿಟಮಿನ್ ಇ ಸಾವಿರಕ್ಕೆ ಒಂದು ಭಾಗ ಸೇರಿಸಿದರೆ ಹಳಸುವುದು ನಿಧಾನವಾಗುತ್ತದೆ. ಒಂದು ವರ್ಷ ದಾಟಿದ್ದನ್ನು ಚರ್ಮಕ್ಕೆ ಬಳಸಬೇಡಿ.

ಕಾಫಿ ಹೂವಿನ ಎಣ್ಣೆ ಸೇರಿಸಬಹುದಾ ಅಂತ ಮುಂದೆ ಕೇಳುತ್ತೀರಿ, ನನಗೆ ಗೊತ್ತು. ಕೊಡಗಿನಿಂದ ಬರೆಯುವವರೆಲ್ಲ ಕೇಳುತ್ತಾರೆ. ಧೂಪದ ಜೊತೆ ಅದು ಬೇಡ.

ಧೂಪ ಎಲ್ಲಿಂದ ತರುತ್ತೀರಿ ಅನ್ನುವುದೂ ಮುಖ್ಯ. ಕರಿಧೂಪದ ಮರದ ಬುಡಕ್ಕೆ ಕಚ್ಚು ಹಾಕಿ, ಬೆಂಕಿ ಹಚ್ಚಿ ಅಂಟು ಇಳಿಸುವ ಪದ್ಧತಿ ಹಲವು ಕಡೆ ಇದೆ. ಬೇಗ ಅಂಟು ಬರುತ್ತದೆ, ಮರ ಸಾಯುತ್ತದೆ. ಗಿರಿಜನರ ಸಹಕಾರ ಸಂಘವಾದ ಲ್ಯಾಂಪ್ಸ್ ಸೊಸೈಟಿ ಮೂಲಕ ಬಂದದ್ದಾ, ಹೇಗೆ ತೆಗೆದದ್ದು ಅಂತ ಕೇಳಿ. ಫ್ರಾಂಕಿನ್ಸೆನ್ಸ್ ಸ್ಥಿತಿಯೂ ಚೆನ್ನಾಗಿಲ್ಲ. ಇಥಿಯೋಪಿಯಾ ಕಡೆಯ ಬೋಸ್ವೆಲಿಯಾದಲ್ಲಿ ಎಳೆ ಮರಗಳೇ ಮೇಲೆ ಬರುತ್ತಿಲ್ಲ, ಇಪ್ಪತ್ತು ವರ್ಷದಲ್ಲಿ ಇಳುವರಿ ಅರ್ಧ ಆಗಬಹುದು ಅಂತ 2019ರಲ್ಲೇ ಒಂದು ಅಧ್ಯಯನ ಲೆಕ್ಕ ಹಾಕಿದೆ.

ಕೊನೆಯದು ಮಾರಾಟ. ಇಲ್ಲಿ ಆಸೆಗೆ ತಣ್ಣೀರು ಹಾಕಬೇಕಾಗುತ್ತದೆ. ಮೈಗೆ ಹಚ್ಚುವ ಸೆಂಟು, ಎಣ್ಣೆಯ ಅತ್ತರು ಆದರೂ ಸರಿ, ಕಾನೂನಿನ ಲೆಕ್ಕದಲ್ಲಿ ಸೌಂದರ್ಯವರ್ಧಕ. 2020ರ ಕಾಸ್ಮೆಟಿಕ್ಸ್ ನಿಯಮಗಳ ಪ್ರಕಾರ ಅದನ್ನು ಮಾರಲು ತಯಾರಿಸುವವರಿಗೆ ರಾಜ್ಯದ ಔಷಧ ನಿಯಂತ್ರಣ ಅಧಿಕಾರಿಗಳಿಂದ ಲೈಸೆನ್ಸ್ ಬೇಕು. ಮದ್ಯಸಾರ ತರಿಸಿ ಇಟ್ಟುಕೊಳ್ಳುವುದಕ್ಕೆ ಅಬಕಾರಿ ನಿಯಮ ಬೇರೆ. ಹೋಂಸ್ಟೇ ಅಡುಗೆಮನೆಯಲ್ಲಿ ಮಾಡಿ ರಿಸೆಪ್ಷನ್ ಮೇಜಿನ ಮೇಲಿಟ್ಟು ಮಾರುವಂತಿಲ್ಲ. ನಿಮಗೆ ಇರುವ ದಾರಿ ಎರಡು. ಸೂತ್ರ ನಿಮ್ಮದೇ ಇಟ್ಟುಕೊಂಡು, ಲೈಸೆನ್ಸ್ ಇರುವ ಘಟಕದಲ್ಲಿ ಮಾಡಿಸಿ ನಿಮ್ಮ ಹೆಸರಿನಲ್ಲಿ ಮಾರುವುದು ಒಂದು. ಅವರು ಪ್ರತಿ ವಸ್ತುವಿನ ಇಫ್ರಾ ಪ್ರಮಾಣಪತ್ರ ನೋಡಿ ಮಿತಿ ಸರಿಮಾಡುತ್ತಾರೆ. ಖರ್ಚಿದೆ, ಕನಿಷ್ಠ ಇಷ್ಟು ಬಾಟಲಿ ಮಾಡಿಸಲೇಬೇಕು ಅನ್ನುತ್ತಾರೆ, ನಿಮ್ಮ ಸೂತ್ರವನ್ನು ಅವರು ಬೇರೆಯವರಿಗೆ ಕೊಡದ ಹಾಗೆ ಕರಾರು ಬರೆಸಿಕೊಳ್ಳಬೇಕು. ಇನ್ನೊಂದು, ಮೈಗೆ ಬೇಡ, ಕೋಣೆಗೆ ಮಾಡುವುದು. ಬೆತ್ತದ ಕಡ್ಡಿ ಹಾಕಿಡುವ ಡಿಫ್ಯೂಸರ್ ಸೌಂದರ್ಯವರ್ಧಕದ ಲೆಕ್ಕಕ್ಕೆ ಬರುವುದಿಲ್ಲ, ಮದ್ಯಸಾರದ ಬದಲು ಡಿಪಿಜಿ ದ್ರಾವಕದಲ್ಲೂ ಆಗುತ್ತದೆ. ಟಿಂಚರ್‌ಗಳನ್ನು ಮಾತ್ರ ಬಿಡಬೇಕಾಗುತ್ತದೆ, ಅಂಟು ಕಡ್ಡಿಯನ್ನು ಕಟ್ಟಿಹಾಕುತ್ತದೆ. ಅದರ ಜಾಗಕ್ಕೆ ಎಲೆಮಿ ಸ್ವಲ್ಪ ಹೆಚ್ಚಿಸಿ, ಲಾಬ್ಡಾನಮ್ ಅರ್ಧ ಮಾಡಿ. ನನ್ನನ್ನು ಕೇಳಿದರೆ ಮೊದಲ ವರ್ಷ ಇದನ್ನೇ ಮಾಡಿ. ಅತಿಥಿಗಳ ಕೋಣೆಯಲ್ಲೇ ಇಟ್ಟು ನೋಡಬಹುದು. ಯಾರಿಗೆ ತಲೆನೋವು ಬಂತು, ಯಾರು ಒಂದು ಬಾಟಲಿ ಕೊಡಿ ಅಂತ ಕೇಳಿದರು ಅಂತ ಬರೆದಿಡಿ. ಘಟಕದವರ ಹತ್ತಿರ ಮಾತಾಡಲು ಹೋಗುವಾಗ ಆ ಪುಸ್ತಕ ಜೊತೆಗಿರಲಿ.